ಗಂಡು-ಹೆಣ್ಣಿನ ದೇಹದಲ್ಲಿ ವ್ಯತ್ಯಾಸವೇ ಇಲ್ಲ ಎಂದಿದ್ದರೇ ಸಿಮೋನ್ ದ ಬೋವಾ?

ಮಹಿಳಾ ದಿನ ಹತ್ತಿರ ಬಂದಾಗ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುವುದನ್ನು ನೀವೂ ನೋಡಿರಬಹುದು. ಮೊದಲನೆಯದರಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಫ್ರೆಂಚ್ ಮಹಿಳೆಯೊಬ್ಬರ ಕಪ್ಪು-ಬಿಳುಪು ಫೋಟೋ, ಅದರ ಕೆಳಗೆ ಹೆಣ್ತನ ಹುಟ್ಟಿನಿಂದ ಬರುವುದಲ್ಲ ಎಂಬ ಅರ್ಥದ ಒಂದು ಸಾಲು. ಎರಡನೆಯದರಲ್ಲಿ ಅದೇ ಮಹಿಳೆಗೆ ಬೈಗುಳ. ಗಂಡು-ಹೆಣ್ಣಿನ ನಡುವೆ ಏನೂ ವ್ಯತ್ಯಾಸವಿಲ್ಲ ಎಂದು ಈಕೆ ಹೇಳಿದಳಂತೆ, ಹಾಗಾದರೆ ಗರ್ಭಕೋಶ, ಹಾರ್ಮೋನು, ಎಲುಬು, ಸ್ನಾಯು ಎಲ್ಲ ಸುಳ್ಳಾ ಎಂಬ ಪ್ರಶ್ನೆ, ಕೊನೆಗೆ ವಿಜ್ಞಾನವೇ ಈಕೆಯನ್ನು ಸೋಲಿಸಿದೆ ಎಂಬ ತೀರ್ಪು.

ಆ ಮಹಿಳೆಯ ಹೆಸರು ಸಿಮೋನ್ ದ ಬೋವಾ. ಮೊದಲ ಫಾರ್ವರ್ಡ್ ಅವರನ್ನು ಒಂದು ಸಾಲಿಗೆ ಇಳಿಸುತ್ತದೆ. ಎರಡನೆಯದು ಆ ಒಂದು ಸಾಲನ್ನೇ ಹಿಡಿದು ಅವರು ಹೇಳದ ಮಾತನ್ನು ಅವರ ಬಾಯಿಗೆ ತುರುಕುತ್ತದೆ. ಎರಡನ್ನೂ ಕಳಿಸುವವರಲ್ಲಿ ಹೆಚ್ಚಿನವರು ಅವರ ಪುಸ್ತಕವನ್ನು ತೆರೆದು ನೋಡಿರುವುದಿಲ್ಲ.

ನೇರ ಉತ್ತರ ಮೊದಲೇ ಕೊಟ್ಟುಬಿಡುತ್ತೇವೆ. ಇಲ್ಲ, ದೇಹದಲ್ಲಿ ವ್ಯತ್ಯಾಸವೇ ಇಲ್ಲ ಎಂದು ಅವರು ಎಲ್ಲೂ ಹೇಳಲಿಲ್ಲ. ಅವರ ಅತಿ ಪ್ರಸಿದ್ಧ ಪುಸ್ತಕದ ಮೊದಲ ಅಧ್ಯಾಯವೇ ಜೀವಶಾಸ್ತ್ರದ ಬಗ್ಗೆ. ಹಾಗಾದರೆ ಅವರು ಹೇಳಿದ್ದೇನು? ಅದು ಅರ್ಥವಾಗಬೇಕಾದರೆ ಅವರ ಬದುಕನ್ನು ಸ್ವಲ್ಪ ನೋಡಬೇಕು.

ವರದಕ್ಷಿಣೆ ಇಲ್ಲದ್ದೇ ಒಳ್ಳೆಯದಾಯಿತು

ಸಿಮೋನ್ ಹುಟ್ಟಿದ್ದು 1908ರ ಜನವರಿ 9ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಜಾರ್ಜ್ ವಕೀಲಿಕೆ ಓದಿದವರು, ನಾಟಕದ ಹುಚ್ಚು ಇದ್ದವರು, ದೇವರನ್ನು ನಂಬದವರು. ಅಮ್ಮ ಫ್ರಾಂಸ್ವಾಸ್ ಬ್ಯಾಂಕ್ ಮಾಲೀಕರ ಮಗಳು, ಕಟ್ಟಾ ಕ್ಯಾಥೊಲಿಕ್. ಎರಡು ವರ್ಷದ ನಂತರ ತಂಗಿ ಎಲೆನ್ ಹುಟ್ಟಿದಳು. ಮುಂದೆ ಆಕೆ ಚಿತ್ರಕಲಾವಿದೆಯಾದಳು.

ಹೊರಗಿನಿಂದ ನೋಡಿದರೆ ಅನುಕೂಲಸ್ಥ ಮನೆ. ಆದರೆ ಸಿಮೋನ್ ಇನ್ನೂ ಚಿಕ್ಕವಳಿದ್ದಾಗಲೇ ಅಮ್ಮನ ತಂದೆಯ ಬ್ಯಾಂಕ್ ಮುಳುಗಿತು. ಅಮ್ಮನ ಕಡೆಯಿಂದ ಬರಬೇಕಿದ್ದ ವರದಕ್ಷಿಣೆ ಬರಲೇ ಇಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಅಪ್ಪನ ಹೂಡಿಕೆಗಳೂ ಕರಗಿದವು. ಮನೆ ಬದಲಾಯಿಸಿ, ನಲ್ಲಿ ನೀರೂ ಇಲ್ಲದ ಸಣ್ಣ ಮನೆಗೆ ಹೋಗಬೇಕಾಯಿತು.

ವರದಕ್ಷಿಣೆ ನಮ್ಮಲ್ಲಿ ಮಾತ್ರ ಇದ್ದ ಪದ್ಧತಿ ಅಂದುಕೊಂಡವರಿಗೆ ಇದು ಹೊಸ ವಿಷಯ ಇರಬಹುದು. ಆ ಕಾಲದ ಫ್ರಾನ್ಸ್‌ನಲ್ಲಿ ಸಿಮೋನ್ ಮನೆಯಂಥ ಕುಟುಂಬಗಳಲ್ಲಿ ಹೆಣ್ಣುಮಗಳ ಮದುವೆಗೆ ವರದಕ್ಷಿಣೆ ಇಡುವುದು ರೂಢಿ. ಇಬ್ಬರು ಹೆಣ್ಣುಮಕ್ಕಳಿಗೂ ಕೊಡಲು ಹಣವಿಲ್ಲದಿದ್ದಾಗ, ನಿಮಗೆ ಮದುವೆಯಾಗುವುದಿಲ್ಲ, ದುಡಿದು ಬದುಕಬೇಕು ಎಂದು ಅಪ್ಪ ಬೇಸರದಲ್ಲೇ ಹೇಳುತ್ತಿದ್ದರು. ಮಗಳಿಗೆ ಗಂಡಸಿನ ಬುದ್ಧಿ ಇದೆ ಎನ್ನುವುದು ಅವರ ಹೊಗಳಿಕೆಯಾಗಿತ್ತು. ಬುದ್ಧಿ ಅಂದರೆ ಅದು ಗಂಡಸಿನದ್ದೇ ಇರಬೇಕು ಎಂಬ ನಂಬಿಕೆ ಆ ಹೊಗಳಿಕೆಯ ಒಳಗೇ ಕೂತಿತ್ತು.

ಅಪ್ಪನಿಗೆ ಅವಮಾನ ಅನ್ನಿಸಿದ್ದು ಮಗಳಿಗೆ ಬಿಡುಗಡೆಯಾಯಿತು. ಮದುವೆಯ ದಾರಿ ಮುಚ್ಚಿದ್ದರಿಂದ ಓದಿನ ದಾರಿ ತೆರೆಯಿತು. ಕ್ಯಾಥೊಲಿಕ್ ಹುಡುಗಿಯರ ಶಾಲೆಯಲ್ಲಿ ಕಲಿತು, ಹದಿನಾಲ್ಕನೇ ವಯಸ್ಸಿನಲ್ಲಿ ದೇವರ ಮೇಲಿನ ನಂಬಿಕೆ ಕಳೆದುಕೊಂಡು, ಸಿಮೋನ್ ಗಣಿತ, ಸಾಹಿತ್ಯ ಓದಿ, ಕೊನೆಗೆ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರಕ್ಕೆ ಬಂದಳು.

ಗೆಳತಿ ಜಾಜಾ

ಶಾಲೆಯಲ್ಲಿ ಸಿಮೋನ್‌ಗೆ ಒಬ್ಬ ಜೀವದ ಗೆಳತಿ ಇದ್ದಳು. ಹೆಸರು ಎಲಿಸಬೆತ್ ಲಾಕ್ವಾಂ, ಎಲ್ಲರೂ ಕರೆಯುತ್ತಿದ್ದದ್ದು ಜಾಜಾ ಎಂದು. ಚುರುಕು ಹುಡುಗಿ, ಪಿಟೀಲು ನುಡಿಸುತ್ತಿದ್ದಳು, ಯಾರಿಗೂ ಹೆದರದ ಮಾತು. ಆದರೆ ಜಾಜಾಳ ಮನೆಯಲ್ಲಿ ಹಣವಿತ್ತು, ವರದಕ್ಷಿಣೆಗೆ ಕೊರತೆಯಿರಲಿಲ್ಲ. ಅಂದಮೇಲೆ ಅವಳಿಗೆ ಮದುವೆಯಾಗಲೇಬೇಕಿತ್ತು, ಅದೂ ಮನೆಯವರು ಒಪ್ಪಿದವನ ಜೊತೆ.

ಜಾಜಾ ಪ್ರೀತಿಸಿದ್ದು ಸಿಮೋನ್‌ಳ ಸಹಪಾಠಿಯಾಗಿದ್ದ ಮೋರಿಸ್ ಮೆರ್ಲೋ-ಪಾಂಟಿಯನ್ನು. ಮನೆಯವರು ಒಪ್ಪಲಿಲ್ಲ. ಅಮ್ಮನ ಮೇಲಿನ ಪ್ರೀತಿ, ಧರ್ಮ, ತನ್ನ ಆಸೆ ಇವುಗಳ ನಡುವೆ ಸಿಕ್ಕಿ ಜಾಜಾ ಸೊರಗಿದಳು. 1929ರ ನವೆಂಬರ್‌ನಲ್ಲಿ ವಿಪರೀತ ಜ್ವರ ಬಂದು, 21ನೇ ವಯಸ್ಸಿನಲ್ಲಿ ತೀರಿಕೊಂಡಳು.

ಜಾಜಾಳ ಜೀವ ತೆಗೆದದ್ದು ಮೆದುಳಿನ ಉರಿಯೂತ. ಮನಸ್ಸಿನ ನೋವಿನಿಂದ ಆ ಸೋಂಕು ಬರುವುದಿಲ್ಲ, ಆರೋಗ್ಯದ ಬಗ್ಗೆ ಬರೆಯುವ ನಾವು ಇದನ್ನು ಹೇಳಲೇಬೇಕು. ಆದರೆ ಗೆಳತಿಯ ಕೊನೆಯ ತಿಂಗಳುಗಳನ್ನು ಹತ್ತಿರದಿಂದ ನೋಡಿದ್ದ ಸಿಮೋನ್‌ಗೆ, ಒಬ್ಬ ಹುಡುಗಿಯ ಮೈಮನಸ್ಸಿನ ಮೇಲೆ ಮನೆ, ಮರ್ಯಾದೆ, ಮದುವೆ ಹೇರುವ ಭಾರ ಎಂಥದ್ದು ಎಂಬುದು ಜೀವಮಾನವಿಡೀ ಮರೆಯಲಿಲ್ಲ. ಅದನ್ನು ಕಥೆಯಾಗಿ ಬರೆಯಲು ಅವರು ಮತ್ತೆ ಮತ್ತೆ ಪ್ರಯತ್ನಿಸಿದರು. 1954ರಲ್ಲಿ ಬರೆದಿಟ್ಟ ಅಂಥ ಒಂದು ಕಾದಂಬರಿ ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, 2020ರಲ್ಲಿ ಅಚ್ಚಾಯಿತು.

ಒಂದೇ ಶಾಲೆ, ಹೆಚ್ಚುಕಮ್ಮಿ ಒಂದೇ ವಯಸ್ಸು, ಇಬ್ಬರದೂ ಹೆಣ್ಣು ದೇಹ. ಒಬ್ಬಳಿಗೆ ಓದು, ಇನ್ನೊಬ್ಬಳಿಗೆ ಕಟ್ಟು. ವ್ಯತ್ಯಾಸ ಇದ್ದದ್ದು ದೇಹದಲ್ಲಲ್ಲ, ದೇಹದ ಸುತ್ತ ಇದ್ದ ಲೆಕ್ಕಾಚಾರದಲ್ಲಿ.

ಸಾರ್ತ್ರ್ ನೆರಳು ಎಂಬ ಮಾತು

ಅದೇ 1929ರಲ್ಲಿ ಸಿಮೋನ್ ಅಗ್ರೆಗಾಸಿಯೋಂ ಪರೀಕ್ಷೆ ಬರೆದರು. ಇಡೀ ದೇಶಕ್ಕೆ ಒಂದೇ ಪರೀಕ್ಷೆ, ಕೆಲವೇ ಸೀಟು, ಪಾಸಾದರೆ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರ ಕೆಲಸ ಗ್ಯಾರಂಟಿ. ತತ್ವಶಾಸ್ತ್ರದಲ್ಲಿ ಮೊದಲ ಸ್ಥಾನ ಜಾನ್-ಪಾಲ್ ಸಾರ್ತ್ರ್‌ಗೆ, ಎರಡನೆಯದು ಸಿಮೋನ್‌ಗೆ. ಸಾರ್ತ್ರ್ ಮೂರು ವರ್ಷ ದೊಡ್ಡವರು, ಹಿಂದಿನ ವರ್ಷ ಫೇಲಾಗಿ ಎರಡನೇ ಸಲ ಬರೆದಿದ್ದರು. ಸಿಮೋನ್‌ಗೆ 21 ವರ್ಷ, ಮೊದಲ ಪ್ರಯತ್ನ. ಅಲ್ಲಿಯತನಕ ತತ್ವಶಾಸ್ತ್ರದಲ್ಲಿ ಆ ಪರೀಕ್ಷೆ ಪಾಸಾದವರಲ್ಲೇ ಅತಿ ಕಿರಿಯರು ಅವರು.

ಸಿಮೋನ್ ಬಗ್ಗೆ ಹಬ್ಬಿರುವ ಇನ್ನೊಂದು ತಪ್ಪು ಕಲ್ಪನೆ ಇಲ್ಲೇ ಶುರುವಾಗುತ್ತದೆ. ಅವರು ಸಾರ್ತ್ರ್ ಹೇಳಿದ್ದನ್ನೇ ಹೆಂಗಸರಿಗೆ ಅನ್ವಯಿಸಿ ಬರೆದರು ಎಂಬುದು ಆ ಕಲ್ಪನೆ. ಇಬ್ಬರೂ ಜೀವನಪೂರ್ತಿ ಸಂಗಾತಿಗಳಾಗಿದ್ದರು ನಿಜ. ಮದುವೆಯಾಗಲಿಲ್ಲ, ಒಂದೇ ಮನೆಯಲ್ಲಿ ಸಂಸಾರ ಹೂಡಲಿಲ್ಲ, ಇಬ್ಬರಿಗೂ ಬೇರೆ ಪ್ರೇಮಗಳಿದ್ದವು, ಒಬ್ಬರ ಬರಹವನ್ನು ಇನ್ನೊಬ್ಬರು ಅಚ್ಚಿಗೆ ಮುಂಚೆ ಓದಿ ತಿದ್ದುತ್ತಿದ್ದರು. ಆದರೆ ದೇಹದ ವಿಷಯದಲ್ಲಿ ಸಿಮೋನ್ ಹೆಚ್ಚು ಹತ್ತಿರವಿದ್ದದ್ದು ಸಾರ್ತ್ರ್‌ಗಿಂತ ಜಾಜಾ ಪ್ರೀತಿಸಿದ್ದ ಆ ಸಹಪಾಠಿಗೆ. ಮೆರ್ಲೋ-ಪಾಂಟಿ ಮುಂದೆ ದೊಡ್ಡ ತತ್ವಜ್ಞಾನಿಯಾದರು. 1945ರಲ್ಲಿ ಗ್ರಹಿಕೆ ಮತ್ತು ದೇಹದ ಬಗ್ಗೆ ಅವರ ಮುಖ್ಯ ಪುಸ್ತಕ ಬಂದಾಗ, ಅದರ ವಿಮರ್ಶೆ ಬರೆದವರಲ್ಲಿ ಸಿಮೋನ್ ಕೂಡ ಒಬ್ಬರು.

ಒಂದು ಲೋಟದಿಂದ ತತ್ವಶಾಸ್ತ್ರ

ಇಲ್ಲಿ ಒಂದು ದೊಡ್ಡ ಪದ ಬರುತ್ತದೆ: ಫಿನಾಮಿನಾಲಜಿ. ಹೆದರಬೇಡಿ. ಇದು ಸಿಮೋನ್ ಕೈಗೆ ಹೇಗೆ ಬಂತು ಎಂಬುದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

1930ರ ದಶಕದ ಆರಂಭ. ಬರ್ಲಿನ್‌ನಲ್ಲಿ ಓದುತ್ತಿದ್ದ ಗೆಳೆಯ ರೇಮೋಂ ಆರೋಂ ಪ್ಯಾರಿಸ್‌ಗೆ ಬಂದಿದ್ದರು. ಮೂವರೂ ಒಂದು ಬಾರ್‌ನಲ್ಲಿ ಕೂತು ಏಪ್ರಿಕಾಟ್ ಕಾಕ್‌ಟೇಲ್ ತರಿಸಿಕೊಂಡರು. ಎಡ್ಮಂಡ್ ಹುಸರ್ಲ್ ಎಂಬ ಜರ್ಮನ್ ತತ್ವಜ್ಞಾನಿಯ ದಾರಿ ಹಿಡಿದರೆ ಎದುರಿಗಿರುವ ಈ ಲೋಟದ ಬಗ್ಗೆಯೂ ತತ್ವಶಾಸ್ತ್ರ ಮಾಡಬಹುದು ಎಂದು ಆರೋಂ ಹೇಳಿದರಂತೆ. ಸಾರ್ತ್ರ್ ಅದರ ಹಿಂದೆ ಬಿದ್ದು ಬರ್ಲಿನ್‌ಗೇ ಹೋದರು. ಸಿಮೋನ್ ಹುಸರ್ಲ್ ಬರಹಗಳನ್ನು ಜರ್ಮನ್ ಭಾಷೆಯಲ್ಲೇ ಓದಿದರು.

ಸರಳವಾಗಿ ಹೇಳುವುದಾದರೆ, ಅನುಭವವನ್ನು ಅದು ಅನುಭವಿಸುವವರಿಗೆ ಹೇಗೆ ಒದಗುತ್ತದೋ ಹಾಗೆಯೇ ಎಚ್ಚರದಿಂದ ಬಿಡಿಸಿ ನೋಡುವ ವಿಧಾನ ಫಿನಾಮಿನಾಲಜಿ. ಒಂದು ಉದಾಹರಣೆ ನೋಡಿ. ನಿಮ್ಮ ಮಂಡಿಯ ಎಕ್ಸ್-ರೇ ಡಾಕ್ಟರ ಮೇಜಿನ ಮೇಲಿದೆ. ಅದು ಮೂಳೆ, ಸಂದು, ಸವೆತ ತೋರಿಸುತ್ತದೆ, ಅದು ನಿಜ. ಆದರೆ ಮೂರನೇ ಮಹಡಿಯ ಮೆಟ್ಟಿಲ ಮುಂದೆ ನಿಂತಾಗ ನಿಮಗೆ ಮಂಡಿ ಸಿಗುವುದು ಎಕ್ಸ್-ರೇ ಚಿತ್ರವಾಗಿ ಅಲ್ಲ. ಮೆಟ್ಟಿಲುಗಳೇ ಎತ್ತರವಾದಂತೆ ಕಾಣುತ್ತವೆ, ಕೈ ತಾನಾಗಿ ಕಂಬಿ ಹುಡುಕುತ್ತದೆ. ಮೊದಲನೆಯದು ವಿಜ್ಞಾನ ಅಳೆಯುವ ದೇಹ. ಎರಡನೆಯದು ನಾವು ಬಾಳುವ ದೇಹ. ಒಂದು ನಿಜ, ಇನ್ನೊಂದು ಸುಳ್ಳು ಅಂತಲ್ಲ. ಎರಡೂ ನಿಜ.

ಕಣ್ಣು ಕಾಣದವರ ಕೈಯಲ್ಲಿರುವ ಕೋಲಿನ ಉದಾಹರಣೆಯನ್ನು ಮೆರ್ಲೋ-ಪಾಂಟಿ ಚರ್ಚಿಸುತ್ತಾರೆ. ಅಭ್ಯಾಸವಾದ ಮೇಲೆ ಕೋಲು ಒಂದು ವಸ್ತುವಾಗಿ ಉಳಿಯುವುದಿಲ್ಲ, ಅದರ ತುದಿಯಲ್ಲೇ ನೆಲ ಮುಟ್ಟಿದ ಅನುಭವ ಸಿಗುತ್ತದೆ. ಅಂದರೆ ನಾವು ಬಾಳುವ ದೇಹ ಚರ್ಮದಲ್ಲಿ ಮುಗಿಯುವುದಿಲ್ಲ. ರೂಢಿ, ಉಪಕರಣ, ಸುತ್ತಲಿನ ಜಾಗ ಎಲ್ಲವೂ ಅದರೊಳಗೆ ಸೇರುತ್ತವೆ.

ಸಿಮೋನ್ ಈ ಮಾತಿಗೆ ಇನ್ನೊಂದು ಪ್ರಶ್ನೆ ಸೇರಿಸಿದರು. ಆ ದೇಹ ಯಾರದ್ದು? ರಶ್ ಇರುವ ಬಸ್ಸನ್ನು ನೆನಪಿಸಿಕೊಳ್ಳಿ. ಕಾಲೇಜು ಹುಡುಗ ಮೇಲಿನ ಕಂಬಿ ಹಿಡಿದು ಆರಾಮಾಗಿ ನಿಲ್ಲುತ್ತಾನೆ. ಹುಡುಗಿ ಬ್ಯಾಗನ್ನು ಎದೆಗೆ ಅವಚಿಕೊಂಡು, ಮೊಣಕೈ ಮುಂದೆ ಮಾಡಿ ನಿಲ್ಲುತ್ತಾಳೆ. ಬಸ್ಸು ಅದೇ, ಬಾಳುವ ರೀತಿ ಬೇರೆ. ಅವಳ ಮೊಣಕೈಗೆ ಆ ಪಾಠ ಕಲಿಸಿದ್ದು ಜೀನ್ಸ್ ಅಲ್ಲ, ಹಾರ್ಮೋನೂ ಅಲ್ಲ.

ಬೆಟ್ಟ ಹತ್ತಿದ ಟೀಚರ್

ಸಿಮೋನ್‌ಗೆ ದೇಹ ಬರೀ ಓದಿನ ವಿಷಯವಾಗಿರಲಿಲ್ಲ. 1931ರಲ್ಲಿ ಮಾರ್ಸೆಯ್ ಊರಿನ ಶಾಲೆಗೆ ಟೀಚರಾಗಿ ಹೋದಾಗ, ರಜೆ ಸಿಕ್ಕ ದಿನಗಳಲ್ಲಿ ಒಬ್ಬರೇ ಸುತ್ತಲಿನ ಬೆಟ್ಟಗಳಿಗೆ ಹೊರಡುತ್ತಿದ್ದರು. ಹಳೆಯ ಫ್ರಾಕು, ಹಗ್ಗದ ತಳದ ಬಟ್ಟೆ ಚಪ್ಪಲಿ, ಬುಟ್ಟಿಯಲ್ಲಿ ಬಾಳೆಹಣ್ಣು ಮತ್ತು ಬ್ರೆಡ್ಡು. ಒಂಬತ್ತು-ಹತ್ತು ಗಂಟೆ ನಡಿಗೆ, ಕೆಲವೊಮ್ಮೆ 40 ಕಿಲೋಮೀಟರ್. ಒಂಟಿಯಾಗಿ ಹೋಗಬೇಡ, ಅತ್ಯಾಚಾರವಾದೀತು ಎಂದು ಜೊತೆಯ ಟೀಚರ್‌ಗಳು ಹೆದರಿಸಿದರೂ ಅವರು ನಿಲ್ಲಿಸಲಿಲ್ಲ.

ಆ ಕಾಲದಲ್ಲಿ ಹೆಂಗಸಿನ ಮೈಗೆ ದೂರದ ಓಟ, ನಡಿಗೆ ಆಗಿಬರುವುದಿಲ್ಲ ಎನ್ನುವುದು ಪತ್ರಿಕೆಗಳೂ ಒಲಿಂಪಿಕ್ಸ್ ಅಧಿಕಾರಿಗಳೂ ಒಪ್ಪಿದ್ದ ಮಾತು. 1928ರ ಆಂಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಹೆಂಗಸರು 800 ಮೀಟರ್ ಓಡಿದರು. ಫೈನಲ್‌ನಲ್ಲಿ ಓಡಿದ ಎಲ್ಲರೂ ಗುರಿ ಮುಟ್ಟಿದರು, ಗೆದ್ದವರು ವಿಶ್ವದಾಖಲೆ ಬರೆದರು. ಆದರೂ ಕುಸಿದು ಬಿದ್ದರು ಎಂಬ ಉತ್ಪ್ರೇಕ್ಷೆಯ ವರದಿಗಳು ಹಬ್ಬಿ, ಆ ಓಟವನ್ನೇ ಕೈಬಿಡಲಾಯಿತು. ಅದು ಮರಳಿ ಬಂದದ್ದು 1960ರಲ್ಲಿ. ಮೊದಲು ಅವಕಾಶ ಕಿತ್ತುಕೊಂಡು, ಆಮೇಲೆ ಅವರಿಗೆ ಸಾಮರ್ಥ್ಯವಿಲ್ಲ ಎನ್ನುವ ಈ ವರಸೆಯೇ ಮುಂದೆ ಸಿಮೋನ್ ಬಿಡಿಸಿ ತೋರಿಸಿದ್ದು.

1949ರ ಪುಸ್ತಕ

ಫ್ರಾನ್ಸ್‌ನ ಹೆಂಗಸರು ಮೊದಲ ಸಲ ಮತ ಹಾಕಿದ್ದು 1945ರಲ್ಲಿ. ಅದರ ಮರುವರ್ಷ ಸಿಮೋನ್ ತಮ್ಮ ಬಗ್ಗೆ ಬರೆಯಲು ಕೂತರು. ಹೆಣ್ಣಾಗಿರುವುದು ನನ್ನ ಬದುಕಿನಲ್ಲಿ ಏನು ವ್ಯತ್ಯಾಸ ಮಾಡಿದೆ ಎಂದು ಕೇಳಿಕೊಂಡಾಗ, ಏನೂ ಇಲ್ಲ ಎಂದೇ ಮೊದಲು ಅನ್ನಿಸಿತಂತೆ. ಇನ್ನೂ ಸ್ವಲ್ಪ ನೋಡು ಎಂದದ್ದು ಸಾರ್ತ್ರ್. ಲೈಬ್ರರಿ ಹೊಕ್ಕ ಸಿಮೋನ್ ತಾವು ಬೆಳೆದ ಲೋಕವೇ ಗಂಡಸರು ಕಟ್ಟಿದ ಕಥೆಗಳಿಂದ ಆಗಿದೆ ಎಂದು ಕಂಡು, ತಮ್ಮ ಕಥೆಯನ್ನು ಪಕ್ಕಕ್ಕಿಟ್ಟು, ಎಲ್ಲ ಹೆಂಗಸರ ಸ್ಥಿತಿಯ ಬಗ್ಗೆ ಬರೆದರು. 'ದ ಸೆಕೆಂಡ್ ಸೆಕ್ಸ್' ಎಂದು ಇಂಗ್ಲಿಷ್‌ನಲ್ಲಿ ಹೆಸರಾದ ಆ ಪುಸ್ತಕ 1949ರಲ್ಲಿ ಎರಡು ಸಂಪುಟಗಳಲ್ಲಿ, ಸುಮಾರು 1,000 ಪುಟಗಳಲ್ಲಿ ಬಂತು.

ಮೊದಲ ಸಂಪುಟದಲ್ಲಿ ಜೀವಶಾಸ್ತ್ರ, ಇತಿಹಾಸ, ಪುರಾಣ ಇವೆ. ಜೀವಶಾಸ್ತ್ರದ ಅಧ್ಯಾಯದಲ್ಲಿ ಏಕಕೋಶ ಜೀವಿಗಳಿಂದ ಹಿಡಿದು ಕೀಟ, ಮೀನು, ಸಸ್ತನಿಗಳತನಕ ನೋಡುತ್ತಾರೆ. ಮುಟ್ಟು, ಬಸಿರು, ಹಾಲೂಡಿಸುವುದು, ಸ್ನಾಯುಬಲ ಎಲ್ಲದರ ಬಗ್ಗೆ ವಿವರವಾಗಿ ಬರೆಯುತ್ತಾರೆ. ಈ ಸಂಗತಿಗಳು ಮುಖ್ಯ, ಇವನ್ನು ಬಿಟ್ಟು ಹೆಣ್ಣನ್ನು ಅರ್ಥ ಮಾಡಿಕೊಳ್ಳಲಾಗದು ಎಂದು ಒಪ್ಪುತ್ತಾರೆ. ಆದರೆ ಇವೇ ಹಣೆಬರಹ ಬರೆಯುತ್ತವೆ ಎಂಬುದನ್ನು ಮಾತ್ರ ಒಪ್ಪುವುದಿಲ್ಲ.

ಯಾಕೆ? ಸ್ನಾಯುಬಲವನ್ನೇ ತೆಗೆದುಕೊಳ್ಳಿ. ಸರಾಸರಿ ಗಂಡಸಿಗೆ ಹೆಚ್ಚು ಸ್ನಾಯುಬಲ ಇದೆ, ಇದು ಅಳೆಯಬಹುದಾದ ಸತ್ಯ. ಆದರೆ ಭಾರ ಎತ್ತಲು ಕ್ರೇನ್ ಇರುವ ಕಡೆ, ಹೊಡೆದರೆ ಜೈಲು ಎಂಬ ಕಾನೂನು ಇರುವ ಕಡೆ, ಆ ಬಲದ ಬೆಲೆ ಬೇರೆ. ದೇಹದ ಒಂದು ಗುಣ ಕೊರತೆಯಾಗುವುದೋ ಇಲ್ಲವೋ ಎಂಬುದು ಸುತ್ತಲಿನ ಉಪಕರಣ, ಕಾನೂನು, ರೂಢಿ, ನಮ್ಮ ಉದ್ದೇಶ ಇವನ್ನು ಅವಲಂಬಿಸಿದೆ. ಅದಕ್ಕೇ ದೇಹ ಒಂದು ಸನ್ನಿವೇಶ ಎನ್ನುವುದು ಅವರ ವಾದ. ಎಲ್ಲಿ ನಿಂತು ಬದುಕನ್ನು ಶುರು ಮಾಡಬೇಕು ಎಂಬುದನ್ನು ದೇಹ ಕೊಡುತ್ತದೆ. ಎಲ್ಲಿಗೆ ಹೋಗಿ ಮುಟ್ಟಬೇಕು ಎಂಬುದನ್ನು ಅದೊಂದೇ ತೀರ್ಮಾನಿಸುವುದಿಲ್ಲ.

ಇನ್ನೊಂದು ಮುಖ್ಯ ಮಾತು, ಗಂಡಸು ಮನುಷ್ಯನ ಅಳತೆಗೋಲು, ಹೆಂಗಸು ಬೇರೆಯವಳು ಎಂಬ ಲೆಕ್ಕ. ಇದಕ್ಕೆ ಉದಾಹರಣೆ ನಮ್ಮ ಬಾಯಲ್ಲೇ ಇದೆ. ಲೇಡಿ ಡಾಕ್ಟರ್, ಲೇಡಿ ಕಂಡಕ್ಟರ್ ಎನ್ನುತ್ತೇವೆ. ಜೆಂಟ್ಸ್ ಡಾಕ್ಟರ್ ಎಂದು ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಎರಡನೇ ಸಂಪುಟ ಪೂರ್ತಿ ಬಾಳಿದ ಅನುಭವದ್ದು: ಬಾಲ್ಯ, ಮೊದಲ ಮುಟ್ಟು, ಮದುವೆ, ತಾಯ್ತನ, ಮುಪ್ಪು. ಫೋಟೋದ ಕೆಳಗಿನ ಆ ಸಾಲು ಬರುವುದು ಇಲ್ಲಿ, ಬಾಲ್ಯದ ಅಧ್ಯಾಯದ ಶುರುವಿನಲ್ಲಿ. ಅದರ ಹಿಂದೆ ನೂರಾರು ಪುಟ ಜೀವಶಾಸ್ತ್ರ ಮತ್ತು ಇತಿಹಾಸ ಇದೆ, ಮುಂದೆ ನೂರಾರು ಪುಟ ಅನುಭವ ಇದೆ. ಏನೂ ಹೇಳಿಕೊಡದ ಮನೆಯ ಹುಡುಗಿಗೆ ಮೊದಲ ಮುಟ್ಟು ಭಯ, ನಾಚಿಕೆ, ಮುಚ್ಚಿಡಬೇಕಾದ ಕಲೆ. ಮೊದಲೇ ತಿಳಿಸಿ, ಸಹಜವಾಗಿ ನೋಡಿಕೊಳ್ಳುವ ಮನೆಯಲ್ಲಿ ಅದೇ ಹಾರ್ಮೋನು, ಅದೇ ರಕ್ತ ಬೇರೆಯೇ ಅನುಭವ ಆಗಬಹುದು. ಮುಟ್ಟು ಇದೆ ಎಂಬುದು ಜೀವಶಾಸ್ತ್ರ. ಅದನ್ನು ಅವಮಾನವಾಗಿ ಬಾಳಬೇಕು ಎಂಬುದು ಜೀವಶಾಸ್ತ್ರ ಅಲ್ಲ.

ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಬಗ್ಗೆಯೂ ಒಂದು ಅಧ್ಯಾಯವಿದೆ. ಅದನ್ನು ವಿಕೃತಿ ಅಥವಾ ಶಾಪ ಎಂದು ನೋಡುವುದನ್ನು ಸಿಮೋನ್ ಒಪ್ಪಲಿಲ್ಲ. ತನ್ನ ಸನ್ನಿವೇಶದಲ್ಲಿ ಒಬ್ಬಳು ಕಂಡುಕೊಳ್ಳುವ ಬದುಕಿನ ರೀತಿ ಎಂದು ನೋಡಿದರು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ, ಈ ಪುಸ್ತಕ ಬಂದು 41 ವರ್ಷದ ಮೇಲೆ.

ಒಂದು ಪುಸ್ತಕ ಫಾರ್ವರ್ಡ್ ಆದಾಗ

ಮೊದಲ ಸಂಪುಟ ಒಂದೇ ವಾರದಲ್ಲಿ ಸುಮಾರು 22,000 ಪ್ರತಿ ಮಾರಾಟವಾಯಿತು. ಜೊತೆಗೆ ಹೆಸರಿಲ್ಲದ ಅಶ್ಲೀಲ ಪತ್ರಗಳು ರಾಶಿ ಬಿದ್ದವು. ವಾದಕ್ಕೆ ಉತ್ತರ ಕೊಡುವ ಬದಲು ಸಿಮೋನ್ ಅವರ ಮೈ, ಮಂಚ, ಮದುವೆಯ ಬಗ್ಗೆ ಮಾತಾಡಿದವರೇ ಹೆಚ್ಚು. ಟ್ರೋಲ್ ಎಂಬ ಪದ ಆಗಿರಲಿಲ್ಲ ಅಷ್ಟೇ. 1956ರಲ್ಲಿ ವ್ಯಾಟಿಕನ್ ಈ ಪುಸ್ತಕವನ್ನು ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿಸಿತು.

ಆದರೆ ದೊಡ್ಡ ಏಟು ಬಿದ್ದದ್ದು ಅನುವಾದದಲ್ಲಿ. 1953ರ ಇಂಗ್ಲಿಷ್ ಅನುವಾದ ಮಾಡಿದ ಎಚ್. ಎಂ. ಪಾರ್ಶ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್. ತತ್ವಶಾಸ್ತ್ರ ಅವರ ಕ್ಷೇತ್ರವಲ್ಲ. ಪುಸ್ತಕ ಉದ್ದವಾಯಿತು, ಕತ್ತರಿಸಿ ಎಂದು ಪ್ರಕಾಶಕರ ಒತ್ತಡ ಬೇರೆ. ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿಹೋಯಿತು, ಅದರಲ್ಲಿ ಇತಿಹಾಸದ ಎಷ್ಟೋ ಹೆಂಗಸರ ಹೆಸರುಗಳೂ ಹೋದವು. ಬಾಳಿದ ಅನುಭವ ಎಂಬ ಅರ್ಥದ ಎರಡನೇ ಸಂಪುಟದ ಹೆಸರು, ಇಂದಿನ ಹೆಣ್ಣಿನ ಜೀವನ ಎಂಬ ಅರ್ಥಕ್ಕೆ ಬದಲಾಯಿತು. ಫಿನಾಮಿನಾಲಜಿಯ ಗುರುತೇ ಅಳಿಸಿಹೋಯಿತು. ಮನುಷ್ಯರಿಗೆ ಸಿದ್ಧ ಸ್ವಭಾವ ಎಂಬುದಿಲ್ಲ ಎಂದು ವಾದಿಸಿದವರ ಪುಸ್ತಕದಲ್ಲಿ ಮನುಷ್ಯ ಸ್ವಭಾವ ಎಂಬ ಅರ್ಥದ ಪದಗಳು ನುಸುಳಿದವು.

ಇಂಗ್ಲಿಷ್ ಓದುಗರು ಇದೇ ಪಠ್ಯವನ್ನು ನಂಬಿ ಹೊಗಳಿದರು, ಬೈದರು. ಅಮೆರಿಕದ ವಿದ್ವಾಂಸೆ ಮಾರ್ಗರೆಟ್ ಸೈಮನ್ಸ್ 1983ರಲ್ಲಿ ಈ ಕತ್ತರಿ ಪ್ರಯೋಗವನ್ನು ಪಟ್ಟಿ ಮಾಡಿ ತೋರಿಸಿದರು. ಪೂರ್ಣ ಅನುವಾದ ಬಂದದ್ದು 2009ರಲ್ಲಿ. ಸಂವಹನ ಓದಿದ ನಮಗೆ ಇದೊಂದು ಕ್ಲಾಸಿಕ್ ಕೇಸ್. ಸುಳ್ಳು ಹೇಳಬೇಕೆಂದು ಯಾರೂ ಹೊರಡಲಿಲ್ಲ. ಕತ್ತರಿಸುತ್ತಾ, ಸುಲಭ ಮಾಡುತ್ತಾ, ದಾಟಿಸುತ್ತಾ ಹೋದ ಹಾಗೆ ಮಾತಿನ ಬೆನ್ನೆಲುಬೇ ಕಳೆದುಹೋಯಿತು. ಇವತ್ತಿಗೂ ಸಿಮೋನ್ ಲಿಂಗ ಬೇರೆ, ಲಿಂಗತ್ವ ಬೇರೆ ಎಂದು ವಿಂಗಡಿಸಿದರು ಎನ್ನುವುದು ರೂಢಿಯ ಮಾತು. ಅವರ ಪುಸ್ತಕದಲ್ಲಿ ಆ ಜೋಡಿ ಪದಗಳೇ ಇಲ್ಲ. ಆ ಬಗೆಯ ಓದು ನಂತರದವರದ್ದು.

ಕಾನೂನಿನ ಕೈ ದೇಹದ ಮೇಲೆ

ದೇಹ ಒಂದು ಸನ್ನಿವೇಶ ಎನ್ನುವುದು ಬರೀ ಕಾಫಿ ಹೌಸ್ ಚರ್ಚೆ ಎನ್ನಿಸಿದರೆ ಇದನ್ನು ಓದಿ. ಜರ್ಮನ್ ಆಕ್ರಮಣದ ಕಾಲದಲ್ಲಿ, 1943ರ ಜುಲೈ 30ರಂದು, ಮಾರಿ-ಲೂಯಿಸ್ ಜಿರೋ ಎಂಬ ಮಹಿಳೆಯನ್ನು ಗರ್ಭಪಾತ ಮಾಡಿಸಿದ ಅಪರಾಧಕ್ಕೆ ಪ್ಯಾರಿಸ್‌ನಲ್ಲಿ ತಲೆ ಕಡಿದು ಕೊಂದರು. ಮದುವೆಯಾದ ಫ್ರೆಂಚ್ ಮಹಿಳೆ ಗಂಡನ ಒಪ್ಪಿಗೆಯಿಲ್ಲದೆ ಬ್ಯಾಂಕ್ ಖಾತೆ ತೆರೆಯಲು ಸಾಧ್ಯವಾದದ್ದು 1965ರ ಕಾನೂನಿನಿಂದ. ಗರ್ಭನಿರೋಧಕಕ್ಕೆ ಒಪ್ಪಿಗೆ ಸಿಕ್ಕಿದ್ದು 1967ರಲ್ಲಿ. ಗರ್ಭಕೋಶ ಕೊಟ್ಟದ್ದು ಪ್ರಕೃತಿ ನಿಜ. ಅದರ ಸುತ್ತ ಪೊಲೀಸು, ಕೋರ್ಟು, ಗಿಲೊಟಿನ್ ನಿಲ್ಲಿಸಿದ್ದು ಪ್ರಕೃತಿ ಅಲ್ಲ.

1971ರ ಏಪ್ರಿಲ್ 5ರಂದು ಒಂದು ಫ್ರೆಂಚ್ ವಾರಪತ್ರಿಕೆಯಲ್ಲಿ 343 ಮಹಿಳೆಯರು, ತಾವೂ ಗರ್ಭಪಾತ ಮಾಡಿಸಿಕೊಂಡಿದ್ದೇವೆ ಎಂಬ ಹೇಳಿಕೆಗೆ ಹೆಸರು ಹಾಕಿ ಸಹಿ ಮಾಡಿದರು. ಅಂಥ ಹೇಳಿಕೆಗೆ ಜೈಲು ಶಿಕ್ಷೆ ಆಗಬಹುದಿತ್ತು. ಅದನ್ನು ಬರೆದುಕೊಟ್ಟವರು 63 ವರ್ಷದ ಸಿಮೋನ್. ಮರುವರ್ಷ ಬೋಬಿನ್ಯಿ ಊರಿನ ಕೋರ್ಟಿನಲ್ಲಿ, ಅತ್ಯಾಚಾರದಿಂದ ಬಸಿರಾಗಿ ಗರ್ಭಪಾತ ಮಾಡಿಸಿಕೊಂಡ ಹದಿಹರೆಯದ ಹುಡುಗಿಯ ಪ್ರಕರಣ ನಡೆಯಿತು. ವಕೀಲೆ ಜಿಸೆಲ್ ಅಲಿಮಿ ಹುಡುಗಿಯ ಪರ ವಾದಿಸಿ ಬಿಡುಗಡೆ ಮಾಡಿಸಿದರು. ಆಮೇಲೆ ಹುಡುಗಿಯ ತಾಯಿಯ ವಿಚಾರಣೆಯಲ್ಲಿ ಸಿಮೋನ್ ಸಾಕ್ಷಿ ಹೇಳಿದರು. 1975ರ ಜನವರಿಯಲ್ಲಿ ಫ್ರಾನ್ಸ್‌ನಲ್ಲಿ ಗರ್ಭಪಾತ ಕಾನೂನುಬದ್ಧವಾಯಿತು. ನಮ್ಮ ದೇಶದಲ್ಲಿ ಷರತ್ತುಗಳೊಂದಿಗೆ ಅವಕಾಶ ಕೊಟ್ಟ ಎಂಟಿಪಿ ಕಾಯ್ದೆ ಬಂದದ್ದು 1971ರಲ್ಲೇ, ಫ್ರಾನ್ಸ್‌ಗಿಂತ ಮೊದಲು.

ಹೊಗಳಿಕೆಯ ಫಾರ್ವರ್ಡ್ ಬಿಟ್ಟ ಭಾಗ

ಸಿಮೋನ್ ಅವರನ್ನು ದೇವತೆ ಮಾಡುವುದೂ ಸರಿಯಲ್ಲ. ಟೀಚರ್ ಆಗಿದ್ದಾಗ ತಮ್ಮ ಕೆಲವು ಹರೆಯದ ವಿದ್ಯಾರ್ಥಿನಿಯರ ಜೊತೆ ಅವರಿಗೆ ಲೈಂಗಿಕ ಸಂಬಂಧವಿತ್ತು. ಒಬ್ಬ ವಿದ್ಯಾರ್ಥಿನಿಯ ತಾಯಿಯ ದೂರಿನ ಮೇಲೆ 1943ರಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ಇನ್ನೊಬ್ಬ ಹಳೆಯ ವಿದ್ಯಾರ್ಥಿನಿ 1993ರಲ್ಲಿ ಬರೆದ ಪುಸ್ತಕದಲ್ಲಿ, ಸಿಮೋನ್ ಮತ್ತು ಸಾರ್ತ್ರ್ ಇಬ್ಬರೂ ತನ್ನನ್ನು ಬಳಸಿಕೊಂಡರು ಎಂದು ನೋವಿನಿಂದ ದಾಖಲಿಸಿದ್ದಾರೆ. ಅಧಿಕಾರ ಇರುವವರ ಮತ್ತು ಇಲ್ಲದವರ ನಡುವಿನ ಸಂಬಂಧವನ್ನು ಅಷ್ಟು ಚೆನ್ನಾಗಿ ಬಿಡಿಸಿದವರು ಇಲ್ಲಿ ಅದನ್ನು ಕಾಣಲಿಲ್ಲ. ತಾಯ್ತನದ ಬಗ್ಗೆ ಅವರ ಬರಹದಲ್ಲಿ ಕತ್ತಲೆಯೇ ಹೆಚ್ಚು, ಬಿಳಿಯ ಮಧ್ಯಮವರ್ಗದ ಅನುಭವವೇ ಹೆಣ್ಣಿನ ಅನುಭವ ಎಂಬಂತೆ ಬರೆದರು ಎಂಬ ಟೀಕೆಗಳೂ ನಿಲ್ಲುವಂಥವೇ.

ಆದರೆ ಅವರು ಕೊಟ್ಟ ವಿಧಾನ ಮುಂದುವರಿಯಿತು. ಅವರೇ 1970ರಲ್ಲಿ ಅದನ್ನು ಮುಪ್ಪಿಗೆ ಅನ್ವಯಿಸಿ ದೊಡ್ಡ ಪುಸ್ತಕ ಬರೆದರು. 1980ರಲ್ಲಿ ಅಮೆರಿಕದ ಐರಿಸ್ ಮರಿಯನ್ ಯಂಗ್, ಹುಡುಗಿಯರು ಚೆಂಡು ಎಸೆಯುವ ರೀತಿಯ ಬಗ್ಗೆ ಒಂದು ಪ್ರಬಂಧ ಬರೆದರು. ಅದಕ್ಕೂ ಮುಂಚೆ ಒಬ್ಬ ವಿದ್ವಾಂಸರು, ಐದು ವರ್ಷದ ಹುಡುಗಿಯರು ಮೈ ತಿರುಗಿಸದೆ ಬರೀ ಕೈಯಿಂದ ಎಸೆಯುವುದಕ್ಕೆ ಹುಟ್ಟುಗುಣವೇ ಕಾರಣ ಎಂದಿದ್ದರು. ಸಿಮೋನ್ ಮತ್ತು ಮೆರ್ಲೋ-ಪಾಂಟಿ ಇಬ್ಬರನ್ನೂ ಜೊತೆಗಿಟ್ಟು ಓದಿದ ಯಂಗ್ ಬೇರೆ ಕಾರಣ ಕೊಟ್ಟರು. ಕಾಲು ಮುಚ್ಚಿ ಕೂರು, ಬಿದ್ದೀಯ, ಬಟ್ಟೆ ಕೊಳೆಯಾದೀತು ಎಂದು ಕೇಳುತ್ತಾ ಬೆಳೆದ ಮೈ, ತಾನು ಪೂರ್ತಿ ಚಾಚಿಕೊಳ್ಳಬಹುದಾದ ಜಾಗವನ್ನೂ ಬಳಸದೆ ಇರಲು ಕಲಿತಿರುತ್ತದೆ. ಮುಂದಿನ ಸಲ ಹುಡುಗಿಯರಿಗೆ ಎಸೆಯಲು ಬರಲ್ಲ ಎಂದು ಯಾರಾದರೂ ನಕ್ಕರೆ, ಅವಳ ಕೈಗೆ ಚೆಂಡು ಕೊಟ್ಟಿದ್ದು ಯಾವ ವಯಸ್ಸಿಗೆ ಎಂದು ಕೇಳಿ ನೋಡಿ.

ಸಾರ್ತ್ರ್ 1980ರ ಏಪ್ರಿಲ್ 15ರಂದು ತೀರಿಕೊಂಡರು. ಆರು ವರ್ಷಕ್ಕೆ ಒಂದು ದಿನ ಮುಂಚೆ, 1986ರ ಏಪ್ರಿಲ್ 14ರಂದು, 78ನೇ ವಯಸ್ಸಿನಲ್ಲಿ ಸಿಮೋನ್ ತೀರಿಕೊಂಡರು. ಮೊಂಪಾರ್ನಾಸ್ ಸ್ಮಶಾನದಲ್ಲಿ ಇಬ್ಬರದೂ ಒಂದೇ ಸಮಾಧಿ. 2024ರ ಮಾರ್ಚ್‌ನಲ್ಲಿ ಫ್ರಾನ್ಸ್ ಗರ್ಭಪಾತದ ಸ್ವಾತಂತ್ರ್ಯವನ್ನು ತನ್ನ ಸಂವಿಧಾನಕ್ಕೇ ಸೇರಿಸಿತು.

ಹಾಗಾದರೆ ಆ ಫಾರ್ವರ್ಡ್?

ಹೇಳಿಕೆ: ಗಂಡು-ಹೆಣ್ಣಿನ ದೇಹದಲ್ಲಿ ವ್ಯತ್ಯಾಸವೇ ಇಲ್ಲ ಎಂದು ಸಿಮೋನ್ ದ ಬೋವಾ ಹೇಳಿದ್ದಾರೆ.

ನಿಜ ಏನು: ಹೇಳಿಲ್ಲ. ವ್ಯತ್ಯಾಸಗಳಿವೆ, ಆದರೆ ಯಾರು ಓದಬೇಕು, ಯಾರು ಓಡಬೇಕು, ಯಾರು ಅಡುಗೆಮನೆಯಲ್ಲಿರಬೇಕು ಎಂಬ ತೀರ್ಪು ಆ ವ್ಯತ್ಯಾಸಗಳಿಂದ ತಾನಾಗಿ ಹೊರಡುವುದಿಲ್ಲ ಎಂದರು.

ಹೆಣ್ಣಿನ ದೇಹವೇ ಹಾಗೆ, ಅದಕ್ಕೇ ಅವಳಿಗೆ ಇಂಥದ್ದು ಆಗುವುದಿಲ್ಲ ಎಂಬ ಮೆಸೇಜ್ ಬಂದಾಗ ಎರಡು ಭಾಗ ಮಾಡಿ ಓದಿ. ದೇಹದ ಬಗ್ಗೆ ಹೇಳಿದ ಸಂಗತಿ ನಿಜವೇ? ಇದಕ್ಕೆ ವಿಜ್ಞಾನ ಉತ್ತರ ಕೊಡುತ್ತದೆ. ಅದಕ್ಕೇ ಎಂಬ ಪದದ ನಂತರ ಬಂದದ್ದು ಅದರಿಂದಲೇ ಬಂತೇ, ಅಥವಾ ಯಾರೋ ಸೇರಿಸಿದರೇ? ಇದಕ್ಕೆ ಉತ್ತರ ನೀವೇ ಹುಡುಕಬೇಕು. ಫಾರ್ವರ್ಡ್ ಬಟನ್ ಒತ್ತುವುದು ಆಮೇಲೆ.